ಒತ್ತಿಗೆ ಜಾಗವಿಲ್ಲ ಎನ್ನುವವರಿಗೆ

ರಾಜ್ಯೋತ್ಸವದ ಆಹ್ವಾನಪತ್ರಿಕೆಗಳನ್ನು ಮನೆಯಲ್ಲೇ ಸಿದ್ಧಪಡಿಸೋಣವೆಂದು ಮಣಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೈಯಿಂದ ತಿರುಗಿಸುವ ಡೈ ಕಟಿಂಗ್ ಯಂತ್ರವನ್ನು ಇಟ್ಟುಕೊಂಡೆವು. ‘ಕನ್ನಡ’ ಎಂಬ ಪದದ ತೆಳು ಲೋಹದ ಡೈ ಮಾಡಿಕೊಡುವಿರಾ ಎಂದು ವಿಚಾರಿಸಿದಾಗ, ಕೆಳಗಿನ ಒತ್ತನ್ನು ತೆಗೆದರೆ ಸುಲಭವಾಗುತ್ತದೆ ಎಂಬ ಉತ್ತರ ಬಂತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ನಮ್ಮವರ ಸಲಹೆ: “ಇಂಗ್ಲಿಷ್ ಅಕ್ಷರಗಳ ಡೈ ಸಿದ್ಧವಾಗಿಯೇ ಸಿಗುತ್ತದೆ, ಅದರಲ್ಲೇ ಬರೆದರಾಯಿತು. ನಮ್ಮ ಲಿಪಿ ಇಂಥ ಯಂತ್ರಕ್ಕೆ ಒಗ್ಗುವುದಿಲ್ಲ.”

ಕಷ್ಟವಿರುವುದು ನಿಜ. ದೇವನಾಗರಿಯಲ್ಲಿ ಶಿರೋರೇಖೆ ಪದವನ್ನು ಒಂದಾಗಿ ಹಿಡಿದಿಡುತ್ತದೆ. ನಮ್ಮ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಒತ್ತು ಮೂಲಾಕ್ಷರಕ್ಕೆ ತಾಗದಿದ್ದರೆ ಬೇರೆ ಚೂರಾಗಿ ಉದುರುತ್ತದೆ. ‘ಠ’ದ ನಡುವಿನ ಚುಕ್ಕೆ ಕಳೆದುಹೋಗುತ್ತದೆ. ಮಹಾಪ್ರಾಣದ ಸೀಳು ಮುಚ್ಚಿಕೊಂಡರೆ ‘ಧನ’ ಹೋಗಿ ‘ದನ’ ಬರುತ್ತದೆ. ಆದರೆ ಇವೆಲ್ಲ ರೇಖಾಚಿತ್ರದ ಹಂತದಲ್ಲೇ ಪರಿಹಾರವಾಗುವ ತೊಡಕುಗಳು. ತೆಳು ಡೈಗಳನ್ನು ಚಿತ್ರವನ್ನನುಸರಿಸಿ ರಾಸಾಯನಿಕ ವಿಧಾನದಲ್ಲಿ ಕೊರೆಯುತ್ತಾರೆ. ಒತ್ತಿಗೂ ಚುಕ್ಕೆಗೂ ಒಂದೊಂದು ಸಣ್ಣ ಸೇತುವೆ ಎಳೆದು, ಸೀಳನ್ನು ತುಸು ಅಗಲಿಸಿ, ಅಕ್ಷರಗಳನ್ನು ಒಂದಕ್ಕೊಂದು ತಾಗಿಸಿದರೆ ಪದ ಒಂದೇ ತುಂಡಾಗಿ ಕೈಗೆ ಬರುತ್ತದೆ.

ಡೈ ಬಂದಮೇಲೆ “ಸರಿಯಾಗಿ ಕತ್ತರಿಸುವುದಿಲ್ಲ” ಎಂಬ ದೂರು. ಯಂತ್ರದ ಒತ್ತಡ ಅಲಗಿನ ಒಟ್ಟು ಉದ್ದಕ್ಕೆ ಹಂಚಿಹೋಗುತ್ತದೆ. ವಿನ್ಯಾಸ ಸೂಕ್ಷ್ಮವಾದಷ್ಟೂ ಅಲಗು ಹೆಚ್ಚು, ಒಂದೊಂದು ಗೆರೆಗೆ ಸಿಗುವ ಒತ್ತಡ ಕಡಿಮೆ. ಆದ್ದರಿಂದ ಫಲಕಗಳ ನಡುವೆ ತೆಳುವಾದೊಂದು ಹಾಳೆಯನ್ನು ಹೆಚ್ಚುವರಿಯಾಗಿ ಸೇರಿಸಬೇಕು, ಡೈಯನ್ನು ತುಸು ಓರೆಯಾಗಿಡಬೇಕು, ಒಮ್ಮೆ ಉರುಳಿಸಿದ ಮೇಲೆ ಫಲಕಸಮೇತ ದಿಕ್ಕು ಬದಲಿಸಿ ಮತ್ತೊಮ್ಮೆ ಉರುಳಿಸಬೇಕು. ಡೈಗೂ ಕಾಗದಕ್ಕೂ ನಡುವೆ ಮೇಣದ ಕಾಗದವಿದ್ದರೆ ಸಣ್ಣ ಭಾಗಗಳು ಅಂಟಿಕೊಳ್ಳದೆ ಬಿಡಿಸಿಕೊಳ್ಳುತ್ತವೆ. ನವೆಂಬರ್ ಎಂದರೆ ಚೆನ್ನೈಯಲ್ಲಿ ಹಿಂಗಾರು ಮಳೆಯ ಕಾಲ. ತೇವ ಹೀರಿದ ಕಾಗದ ಕತ್ತರಿಸುವುದಿಲ್ಲ, ಹರಿಯುತ್ತದೆ. ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟುಕೊಳ್ಳಬೇಕು.

ಇದಿಷ್ಟನ್ನೂ ನಮ್ಮ ಹವ್ಯಾಸಿಗಳು ಬಲ್ಲರು. ವಿದೇಶದ ಕಸೂತಿ ವಿನ್ಯಾಸಗಳಿಗೆ ಹೀಗೆಯೇ ಮಾಡುತ್ತಾರೆ. ಎಂದೂ ಹಿಮ ಬೀಳದ ಈ ಊರಿನಲ್ಲಿ ಹಿಮದ ಹರಳನ್ನು ಕತ್ತರಿಸಲು ಎರಡು ಸಲ, ಮೂರು ಸಲ ಹಿಡಿಕೆ ತಿರುಗಿಸುವವರು ‘ನ’ದ ಒತ್ತಿನ ಮಾತು ಬಂದಾಗ ಮಾತ್ರ ಲಿಪಿಯನ್ನು ದೂರುವುದೇಕೆ?

ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದು ಇದೇ ಮದ್ರಾಸಿನಲ್ಲಿ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಒತ್ತುಗಳಿಗೂ ಅಚ್ಚುಮೊಳೆ ಮಾಡಿ, ಒಂದೊಂದನ್ನೂ ಕೈಯಿಂದ ಜೋಡಿಸಿದ ಕಾಲವದು. ಒತ್ತು ತೆಗೆದರೆ ಸುಲಭವೆಂದು ಅವರು ಕೈಬಿಡಲಿಲ್ಲ.

ಇಲ್ಲಿ ಪಣಕ್ಕಿರುವುದು ಒಂದು ಕಾಗದದ ಅಂದ ಮಾತ್ರವಲ್ಲ. ನಮ್ಮ ಮಕ್ಕಳು ಬೀದಿಯಲ್ಲಿ ತಮಿಳನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಓದಿ ಬೆಳೆಯುವವರು. ತಮಿಳಿನಲ್ಲಿ ಸ್ವರವಿಲ್ಲದ ವ್ಯಂಜನದ ತಲೆಯ ಮೇಲೊಂದು ಚುಕ್ಕೆಯಿಟ್ಟರೆ ಸಾಕು. ಅಕ್ಷರದ ಕೆಳಗೆ ಅಕ್ಷರ ಕೂರುವುದು ಅವರಿಗೆ ಹೊಸದು. ಕನ್ನಡದಲ್ಲಿ ಅವರು ಎಡವುವುದೂ ಅಲ್ಲಿಯೇ. ಹಿರಿಯರ ಆಹ್ವಾನಪತ್ರಿಕೆಯಲ್ಲೇ ‘ಕನಡ’ ಎಂದಿದ್ದರೆ, ಒತ್ತು ಬೇಕಾದರೆ ಹಾಕುವ, ಬೇಡವಾದರೆ ಬಿಡುವ ಅಲಂಕಾರವೆಂದು ಅವರು ತಿಳಿದರೆ ತಪ್ಪು ಯಾರದು? ಡೈಯ ಸಂದಿಯಲ್ಲಿ ಸಿಕ್ಕಿಕೊಂಡ ಒತ್ತನ್ನು ಸೂಜಿಯ ತುದಿಯಿಂದ ಹರಿಯದಂತೆ ಬಿಡಿಸಿದ ಮಗು ಅದರ ತಿರುವನ್ನು ಮರೆಯುವುದಿಲ್ಲ.

ಹೇಳಿ ಮಾಡಿಸುವ ಡೈ ದುಬಾರಿ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಪ್ರತಿ ಮನೆಗೊಂದು ಬೇಕಿಲ್ಲ. ಒಂದು ಬಳಗಕ್ಕೆ ಒಂದು ಡೈ ಸಾಕು. ಮನೆಯಿಂದ ಮನೆಗೆ ಸಾಗಲಿ. ಮುಂದಿನ ನವೆಂಬರ್ 1ಕ್ಕೆ ಮೊದಲು ಸೇತುವೆಗಳೊಡನೆ ಒಂದು ರೇಖಾಚಿತ್ರ ಸಿದ್ಧಪಡಿಸೋಣ. ತಯಾರಕರು ಮತ್ತೆ ಒತ್ತನ್ನು ತೆಗೆಯಿರಿ ಎಂದರೆ, ಬೇರೆ ತಯಾರಕರನ್ನು ಹುಡುಕೋಣ.