ಮನೆವಾರ್ತೆ: ಬೆಕ್ಕಿನ ಮರಿಗೂ ರಕ್ತಪರೀಕ್ಷೆ



ಊರಿನಲ್ಲಿ ಬೆಕ್ಕಿಗೆ ಒಂದಿಷ್ಟು ಹಾಲನ್ನ ಹಾಕಿದರೆ ಸಾಕಿದಂತೆಯೇ ಆಯಿತು. ಇಲ್ಲಿ ಹಾಗಲ್ಲ; ಮರಿ ಮನೆಗೆ ಬಂದೊಡನೆ ಡಾಕ್ಟರರ ಬಳಿ ಒಯ್ಯಬೇಕು. ಮಕ್ಕಳ ಒತ್ತಾಯಕ್ಕೆ ಎರಡು ಮರಿ ತಂದ ಕುಟುಂಬವೊಂದು ಈ ಬಾರಿ ನಮ್ಮನ್ನು ಕೇಳಿದೆ: “ಒಂದು ಮರಿಗೆ ಲ್ಯುಕೀಮಿಯಾ ಪಾಸಿಟಿವ್ ಎಂದಿದ್ದಾರೆ. ಮಕ್ಕಳಿಗೆ ಅಂಟುತ್ತದೆಯೆ? ಮರಿಯನ್ನು ವಾಪಸು ಕೊಡಬೇಕೆ?”

ಮಕ್ಕಳ ವಿಷಯದಲ್ಲಿ ಭಯ ಬೇಡ. ಇದು ಬೆಕ್ಕುಗಳ ವೈರಸ್; ಮನುಷ್ಯರಿಗೆ ಹರಡುತ್ತದೆ ಎನ್ನಲು ಆಧಾರವಿಲ್ಲ. 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ತಾಯಿಯಿಂದ ಮರಿಗೆ ಬರುತ್ತದೆ; ಒಂದನ್ನೊಂದು ನೆಕ್ಕಿದಾಗ, ಕಚ್ಚಿದಾಗ, ಒಂದೇ ತಟ್ಟೆಯಲ್ಲಿ ತಿಂದಾಗ ಜೊಲ್ಲಿನಿಂದಲೂ ಹರಡುತ್ತದೆ.

ಕ್ಲಿನಿಕ್‌ನಲ್ಲಿ ಕೆಲವು ತೊಟ್ಟು ರಕ್ತದಿಂದ ಮಾಡುವ ಎಲೈಸಾ ಪರೀಕ್ಷೆ ವೈರಸ್ಸಿನದೇ ಒಂದು ಪ್ರೋಟೀನನ್ನು ಹುಡುಕುತ್ತದೆ. ಆದ್ದರಿಂದ ತಾಯಿಹಾಲಿನ ರಕ್ಷಣೆಯಾಗಲಿ, ಲಸಿಕೆಯಾಗಲಿ ಫಲಿತಾಂಶ ಕೆಡಿಸುವುದಿಲ್ಲ. ಎಷ್ಟೇ ಎಳೆಯ ಮರಿಗೂ ಮಾಡಿಸಬಹುದು. ಆದರೆ ಒಂದು ಮರಿಯ ಫಲಿತಾಂಶ ಇನ್ನೊಂದಕ್ಕೆ ಅನ್ವಯಿಸದು. ಪ್ರತಿಯೊಂದಕ್ಕೂ ಬೇರೆಬೇರೆಯಾಗಿಯೇ ಮಾಡಿಸಬೇಕು.

ಪಾಸಿಟಿವ್ ಬಂತೆಂದರೆ ಅದೇ ಕೊನೆಯ ತೀರ್ಪಲ್ಲ. ಪ್ರಯೋಗಾಲಯದಲ್ಲಿ ಪಿಸಿಆರ್ ಮುಂತಾದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಕೆಲವು ಬೆಕ್ಕುಗಳ ದೇಹ ವೈರಸ್ಸನ್ನು ಅದುಮಿಡುತ್ತದೆ. ಮುಂದೆ ಎಲೈಸಾ ನೆಗೆಟಿವ್ ಆಗುವುದುಂಟು. ಉಳಿದವುಗಳಲ್ಲಿ ವೈರಸ್ ರಕ್ತದಲ್ಲಿ ನೆಲೆನಿಂತು ರಕ್ತಹೀನತೆ, ಕ್ಯಾನ್ಸರ್, ಪದೇಪದೇ ಸೋಂಕು ತರುತ್ತದೆ. ಅಂಥವುಗಳಲ್ಲಿ ಅನೇಕವು ಕೆಲವೇ ವರ್ಷ ಬದುಕುತ್ತವೆಂಬುದನ್ನು ಮುಚ್ಚಿಡಬಾರದು. ಆದರೆ ಆ ವರ್ಷಗಳನ್ನು ಸುಖವಾಗಿ ಕಳೆಯುವ ಬೆಕ್ಕುಗಳೂ ಇವೆ.

ನೆಗೆಟಿವ್ ಎಂದರೂ ತಕ್ಷಣ ನಿಶ್ಚಿಂತೆಯಿಲ್ಲ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಅದು ಸಿಕ್ಕದೆ ಹೋಗಬಹುದು. ಆದ್ದರಿಂದ ಜೊತೆಯ ಮರಿಯನ್ನು ಬೇರೆ ಮಾಡಿ, ಕನಿಷ್ಠ 30 ದಿನಗಳ ನಂತರ ಮತ್ತೆ ಪರೀಕ್ಷಿಸಿ. ಆಗಲೂ ನೆಗೆಟಿವ್ ಆದರೆ ಲಸಿಕೆ ಹಾಕಿಸುವ ಬಗ್ಗೆ ಡಾಕ್ಟರರನ್ನು ಕೇಳಿ.

ಅಲ್ಲಿಯವರೆಗೆ ಎರಡಕ್ಕೂ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮರಳಿನ ತೊಟ್ಟಿ ಇರಲಿ. ಒಂದನ್ನು ಮುಟ್ಟಿ ಇನ್ನೊಂದನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯಲು ಮಕ್ಕಳಿಗೆ ಹೇಳಿ. ಈ ವೈರಸ್ ಸೋಪಿಗೆ ಸುಲಭವಾಗಿ ಸಾಯುತ್ತದೆ. ಒಂದೇ ಪರೀಕ್ಷೆಯನ್ನು ನಂಬಿ ಮರಿಯನ್ನು ವಾಪಸು ಕೊಡುವುದಾಗಲಿ, ಕೊನೆಗಾಣಿಸುವುದಾಗಲಿ ಬೇಡವೆಂಬುದೇ ನಮ್ಮ ಸಲಹೆ. ಎರಡನೆಯ ಫಲಿತಾಂಶ ಬಂದ ಮೇಲೆ, ಮಕ್ಕಳನ್ನೂ ಕೂರಿಸಿಕೊಂಡು ನಿರ್ಧರಿಸಿ.

ಮುಂದಿನ ಸಂಚಿಕೆಗೆ ನಿಮ್ಮ ಪ್ರಶ್ನೆಗಳಿಗೆ ಸ್ವಾಗತ.