ಠೇವಣಿಗೆ ಬಂದ ಪಿಸ್ತೂಲನ್ನು ಆರ್ಮರರ್ ಒಮ್ಮೆ ನೋಡಲಿ

2025ರ ಜನವರಿ 16ರಂದು ಬೀದರ್ ನಗರದ ನಡುಮಧ್ಯೆ, ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದರು. ಅದಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರು ಹೆಚ್ಚಾದರು. ಸೇನೆಯ ಇಎಂಇ ವಿಭಾಗದಲ್ಲಿ ಆರ್ಮರರ್, ಅಂದರೆ ಆಯುಧ ಪರೀಕ್ಷಿಸಿ ರಿಪೇರಿ ಮಾಡುವವನಾಗಿದ್ದು, ನಿವೃತ್ತಿಯ ನಂತರ ಭಾಲ್ಕಿಗೆ ಬಂದು ನೆಲೆಸಿದವನು ನಾನು. ಬರುವವರಲ್ಲಿ ದಾಲ್ ಮಿಲ್ಲಿನವರಿದ್ದಾರೆ, ಅಡತ್ ವ್ಯಾಪಾರಿಗಳಿದ್ದಾರೆ, ಔರಾದ್ ಕಡೆಯ ದೊಡ್ಡ ಒಕ್ಕಲುತನದವರಿದ್ದಾರೆ. ಲೈಸೆನ್ಸ್ ಇದೆ, ಹೊಸದರ ಬೆಲೆ ಕೈಗೆಟುಕುವುದಿಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ. ಈಗಾಗಲೇ ತಗೊಂಡವರದು ಬೇರೆ ಮಾತು: ‘ಗೋಲಿ ಅಟಕ್ ಆಗ್ಲತ್ತದ್ರಿ, ಸ್ವಲ್ಪ ನೋಡ್ರಿ.’

ಔರಾದ್ ತಾಲ್ಲೂಕಿನ ತೊಗರಿ ಬೆಳೆಗಾರರೊಬ್ಬರು .32 ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟಾಗ ಅದರ ಬಾಯಿ ಅವರ ಹೊಟ್ಟೆಯ ಕಡೆಗೇ ಇತ್ತು. ‘ಖಾಲಿ ಅದ’ ಎಂದರು. ನಾನು ಮುಟ್ಟಲಿಲ್ಲ, ಅವರ ಕೈಯಿಂದಲೇ ಮಾಡಿಸಿದೆ. ಅಂಗಳದ ಮಣ್ಣಿನ ಗುಡ್ಡೆಯತ್ತ ಬಾಯಿ ತಿರುಗಿಸಿ, ಬೆರಳು ಟ್ರಿಗರ್‌ನಿಂದ ದೂರ ಇಡಿ ಎಂದೆ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಸ್ಲೈಡ್ ಎಳೆದಾಗ ಚೇಂಬರಿನಿಂದ ಒಂದು ಕಾಡತೂಸು ಚಿಮ್ಮಿ ಹೊರಬಿತ್ತು. ಅವರ ಮುಖ ಬಿಳಚಿಕೊಂಡಿತು. ಅದೇ ಪಿಸ್ತೂಲು ಹಿಂದಿನ ರಾತ್ರಿ ಮೊಮ್ಮಕ್ಕಳು ಮಲಗುವ ಕೋಣೆಯ ಅಲಮಾರದಲ್ಲಿತ್ತು.

ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ ಒಂದು ಕಾಡತೂಸು ಹೊರಬಂದು ಮತ್ತೊಂದು ಚೇಂಬರಿಗೆ ಹೋಗಿ ಕೂರುತ್ತದೆ. ನೋಡಿದವರು ಖಾಲಿಯಾಯಿತೆಂದೇ ನಂಬುತ್ತಾರೆ. ಸ್ಲೈಡನ್ನು ಹಿಂದೆಯೇ ಹಿಡಿದು ಚೇಂಬರನ್ನು ಕಣ್ಣಿಂದ ನೋಡಬೇಕು, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಬೇಕು. ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ದೋಷದ ಮಾತು.

ಅವರ ಪಿಸ್ತೂಲಿನ ದೋಷ ಸಣ್ಣದು. .32 ಪಿಸ್ತೂಲಿನ ಕಾಡತೂಸಿನ ಬುಡದ ಅಂಚು ಸ್ವಲ್ಪ ಹೊರಚಾಚಿರುತ್ತದೆ. ಮ್ಯಾಗಜೀನ್ ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಮೇಲೇಳುವುದಿಲ್ಲ. ಪ್ರತಿಯೊಂದನ್ನೂ ಕೆಳಗಿನದರ ಅಂಚಿನ ಮುಂದೆ ಬರುವಂತೆ ಕೂರಿಸಬೇಕು. ಹಳೆಯ ಮಾಲೀಕರು ಎಲ್ಲೋ ಬೀಳಿಸಿದ್ದರಿಂದ ಮ್ಯಾಗಜೀನಿನ ತುಟಿಯೂ ಒಂದು ಬದಿ ಬಾಗಿತ್ತು. ಸಾಲದ್ದಕ್ಕೆ ಒಳಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದ್ದರು. ಅದು ಅಂಟಾಗಿ ದೂಳು ಹಿಡಿದಿತ್ತು. ಬಾಗಿದ ಮ್ಯಾಗಜೀನಿಗೆ ಇಕ್ಕಳ ಹಾಕಬೇಡಿ, ಬದಲಿಸಿ ಎಂದು ಹೇಳಿ ಕಳಿಸಿದೆ.

ಕಾಡತೂಸಿನ ಗೊಂದಲವೂ ನಮ್ಮ ಕಡೆ ಬಹಳ. ಲೈಸೆನ್ಸಿನಲ್ಲಿ ಬರೀ .32 ಎಂದಿರುತ್ತದೆ. ಆದರೆ ಕಾನ್ಪುರದ ರಿವಾಲ್ವರಿನ ಕಾಡತೂಸು ಉದ್ದ, ಪಿಸ್ತೂಲಿನದು ಗಿಡ್ಡ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಬಾಯಿಯನ್ನು ಮಣ್ಣಿನತ್ತಲೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಹಳೆಯ ಮದ್ದು ತಡವಾಗಿಯೂ ಹೊತ್ತಿಕೊಳ್ಳುತ್ತದೆ. ಢಂ ಎನ್ನುವ ಬದಲು ಪುಸ್ ಎಂದರೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಸಿಡಿಯಬಹುದು, ಬೆರಳು ಹೋಗಬಹುದು.

ಇಷ್ಟು ಮನೆಯಲ್ಲಿ ತಿಳಿದಿರಬೇಕು. ಇದಕ್ಕಿಂತ ಮುಂದಕ್ಕೆ, ಸ್ಪ್ರಿಂಗ್, ಫೈರಿಂಗ್ ಪಿನ್, ಸೇಫ್ಟಿ ಕ್ಯಾಚ್‌ಗಳಿಗೆ, ಕೈ ಹಾಕಬಾರದು. ಸವೆದ ಸೇಫ್ಟಿ ಕ್ಯಾಚ್ ನೋಡಲು ಚೆನ್ನಾಗಿಯೇ ಇರುತ್ತದೆ. ಪಿಸ್ತೂಲು ಕೈಜಾರಿ ನೆಲಕ್ಕೆ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಅದನ್ನು ಮೀರಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಪಂಪ್‌ಸೆಟ್ ಸರಿಮಾಡುವ ಲೇತ್ ಅಂಗಡಿಯ ಹುಡುಗನ ಮುಂದೆ ಪಿಸ್ತೂಲ್ ಇಡುವವರು ಅವನ ಬಾಳನ್ನೇ ಪಣಕ್ಕಿಡುತ್ತಿದ್ದಾರೆ.

ಹಾಗೆ ಇಡುವವರೆಲ್ಲ ದುಷ್ಟರಲ್ಲ, ನಮ್ಮ ಭೂಗೋಳವೇ ಹಾಗಿದೆ. ಲೈಸೆನ್ಸ್ ಇರುವ ರಿಪೇರಿಯವರನ್ನು ಹುಡುಕಿ ಹೊರಟರೆ, ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದ್ ಸುಮಾರು 140. ಲೈಸೆನ್ಸಿನ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದ್ದರೆ ಪ್ರತ್ಯೇಕ ಅನುಮತಿಯಿಲ್ಲದೆ ಪಕ್ಕದ ಜಹೀರಾಬಾದಿಗೂ ಒಯ್ಯುವಂತಿಲ್ಲ. ಭಾಲ್ಕಿಯವರಿಗೆ ಉದಗೀರ್, ಔರಾದಿನವರಿಗೆ ದೇಗಲೂರು ಸಂತೆಗೆ ಹೋಗುವಷ್ಟು ಹತ್ತಿರ. ಪಿಸ್ತೂಲಿಗೆ ಮಾತ್ರ ಅದು ಪರರಾಜ್ಯ.

ಕೊಳ್ಳುವ ಹಂತದಲ್ಲೇ ಅರ್ಧ ಕೆಲಸ ಮುಗಿಸಬಹುದು. ಸ್ವಂತ ಆಯುಧ ಮಾರುವವರು ಜಿಲ್ಲಾಧಿಕಾರಿಗೆ ಇಲ್ಲವೇ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂದು ಕಾನೂನೇ ಹೇಳುತ್ತದೆ. ಆ 45 ದಿನದೊಳಗೆ ಲೈಸೆನ್ಸ್ ಪಡೆದ ರಿಪೇರಿಯವರಿಂದ ಪರೀಕ್ಷೆ ಮಾಡಿಸಿ ಬರಹದಲ್ಲಿ ತಂದುಕೊಡಿ ಎಂದು ಮಾರುವವರಿಗೆ ಹೇಳಿ. ಒಪ್ಪದಿದ್ದರೆ ಕೊಳ್ಳಬೇಡಿ. 2016ರ ನಿಯಮಗಳು ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿ ತಂದವು, ಒಳ್ಳೆಯದೇ ಆಯಿತು. ಅದಕ್ಕೂ ಮೊದಲೇ ಲೈಸೆನ್ಸ್ ಪಡೆದ ಹಿರಿಯರು ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ನಾಚಿಕೆಯಿಲ್ಲದೆ ಹೋಗಲಿ. ನಿಜವಾಗಿ ಬೇಕಿಲ್ಲದವರು ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ನಿಶ್ಚಿಂತೆಯಿಂದ ಮಲಗಲಿ, ನಾನು ಮೊದಲು ಕೊಡುವ ಸಲಹೆಯೇ ಅದು.

ಇನ್ನು ಆಡಳಿತಕ್ಕೆ ಒಂದು ಮಾತು. ಪ್ರತಿ ಚುನಾವಣೆಯಲ್ಲೂ ಲೈಸೆನ್ಸ್ ಆಯುಧಗಳು ಠಾಣೆಗಳಲ್ಲಿ ಠೇವಣಿಯಾಗುತ್ತವೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾಯಿತು, ನಮ್ಮಲ್ಲಿ ಮತದಾನ ಮೇ 7ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಅಂದರೆ ಎರಡೂವರೆ ತಿಂಗಳು. ಅಷ್ಟು ದಿನ ಒಂದೇ ಕಡೆ ಇದ್ದ ಆಯುಧಗಳನ್ನು ಬೀದರ್‌ನ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್ ಒಮ್ಮೆ ನೋಡಿದರೆ ಸಾಕಿತ್ತು. ನಾನು ಕಂಡಂತೆ ಪಡೆಯುವಾಗಲೂ ಮರಳಿಸುವಾಗಲೂ ಲೈಸೆನ್ಸ್ ಪುಸ್ತಕದ ನಂಬರನ್ನು ಆಯುಧದ ನಂಬರಿಗೆ ತಾಳೆ ನೋಡುತ್ತಾರೆ, ರಸೀದಿ ಬರೆಯುತ್ತಾರೆ. ಸೇಫ್ಟಿ ಕ್ಯಾಚ್ ಹಿಡಿಯುತ್ತದೆಯೇ, ನಳಿಕೆ ತೆರವಾಗಿದೆಯೇ ಎಂದು ಯಾರೂ ನೋಡುವುದಿಲ್ಲ. ತಿಳಿದವರಿಗೆ ಒಂದು ಪಿಸ್ತೂಲಿಗೆ ಐದು ನಿಮಿಷ ಹಿಡಿಯದ ಕೆಲಸ ಅದು.

ಮುಂದಿನ ಠೇವಣಿಯ ಹೊತ್ತಿಗೆ ಭಾಲ್ಕಿ, ಔರಾದ್ ಠಾಣೆಗಳಿಗೂ ಒಂದೊಂದು ದಿನ ಆರ್ಮರರ್ ಬರುವಂತಾಗಲಿ. ರಸೀದಿಯ ಮೇಲೆಯೇ ‘ಸುಸ್ಥಿತಿ’ ಅಥವಾ ‘ರಿಪೇರಿಗೆ ಕಳಿಸಿ’ ಎಂದು ಬರೆದು ಸಹಿ ಹಾಕಲಿ. ರಿಪೇರಿ ಎಂದು ಬರೆಸಿಕೊಂಡವರಿಗೆ ಹೈದರಾಬಾದಿಗೆ ಒಯ್ದು ತರುವ ಅನುಮತಿಯನ್ನು ಜಿಲ್ಲಾಧಿಕಾರಿ ಕಚೇರಿ ಅದೇ ವಾರದೊಳಗೆ ಕೊಡಲಿ.