ಕಿವಿಯಿಂದ ಕಲಿಯುವ ಚಿತ್ರ

ಚಿತ್ರವು ಕಣ್ಣಿನ ಕಲೆ. ಅದನ್ನು ಕಿವಿಯ ಮೂಲಕ ಕಲಿಸಬಹುದೆಂದರೆ ನಗುವವರೇ ಹೆಚ್ಚು. ಆದರೆ ಆ ನಗೆ ಎಲ್ಲೆಡೆಯೂ ಸಲ್ಲದು.

ಅಮೆರಿಕದ ಮರಿಯಾ ಥಾಮಸ್ ಎಂಬ ಅಕ್ಷರಕಲಾವಿದೆ ಒಮ್ಮೆ ಹಸ್ತಪ್ರತಿಯೊಂದರ ಹಿನ್ನೆಲೆಯನ್ನು ಸಣ್ಣ ಸಣ್ಣ ವಿನ್ಯಾಸಗಳಿಂದ ತುಂಬುತ್ತ ಮೈಮರೆತರು. ಆ ಅನುಭವವನ್ನು ಕೇಳಿದ ರಿಕ್ ರಾಬರ್ಟ್ಸ್ ಅದನ್ನು ಧ್ಯಾನವೆಂದೇ ಗುರುತಿಸಿದರು. ಅವರಿಬ್ಬರೂ ಹೀಗೆ ರೂಪಿಸಿದ ರೇಖಾಭ್ಯಾಸವೇ ‘ಜೆನ್‌ಟ್ಯಾಂಗಲ್’. 3.5 ಅಂಗುಲದ ಚೌಕ ಕಾಗದ, ಒಂದು ಲೇಖನಿ, ಒಂದು ಸೀಸದ ಕಡ್ಡಿ—ಇಷ್ಟೇ ಇದರ ಮುಖ್ಯ ಪರಿಕರ. ಅಳಿಸುವ ರಬ್ಬರಿಗೆ ಇಲ್ಲಿ ಸ್ಥಾನವಿಲ್ಲ. ತಪ್ಪಿದ ಗೆರೆಯೇ ಹೊಸ ವಿನ್ಯಾಸಕ್ಕೆ ದಾರಿಯಾಗುತ್ತದೆ.

ಇಂತಹ ಅಭ್ಯಾಸವನ್ನು ಹೊಸಬರಿಗೆ ತಲುಪಿಸಲು, ಬೇಕೆಂದಾಗ ಕೇಳಬಹುದಾದ ಧ್ವನಿಮುದ್ರಿತ ಕಾರ್ಯಕ್ರಮವಾದ ಪಾಡ್‌ಕಾಸ್ಟ್ ತಕ್ಕ ಸಾಧನವೆಂದು ನನ್ನ ಅಭಿಪ್ರಾಯ. ಚುಕ್ಕೆ, ನೇರಗೆರೆ, ಬಾಗುಗೆರೆ, ವೃತ್ತ—ಇವುಗಳನ್ನು ಒಂದೊಂದಾಗಿ ಬಾಯಿಮಾತಿನಲ್ಲೇ ಹೇಳಬಹುದು. ನಮ್ಮ ಮನೆಗಳಲ್ಲಿ ರಂಗೋಲಿಯ ಎಣಿಕೆಯನ್ನು ‘ಏಳು ಚುಕ್ಕಿಯಿಂದ ಒಂದರವರೆಗೆ’ ಎಂದು ಹೇಳಿಕೊಡುವುದಿಲ್ಲವೆ?

ಕಣ್ಣೆದುರು ಮಾದರಿಯಿಲ್ಲದಿದ್ದರೆ ಚಿತ್ರ ಕೆಡುವುದೆಂದು ಕೆಲವರು ಆಕ್ಷೇಪಿಸಬಹುದು. ಜಟಿಲವಾದ ವಿನ್ಯಾಸಗಳಿಗೆ ಮಾದರಿ ಬೇಕು, ನಿಜ. ಆದರೆ ಮೊದಲ ಹೆಜ್ಜೆಗೆ ಮಾದರಿಯೇ ಅನೇಕ ವೇಳೆ ಅಡ್ಡಿಯಾಗುತ್ತದೆ. ಗುರುವಿನ ಸುಂದರ ಚಿತ್ರವನ್ನು ಕಂಡೊಡನೆ ‘ನನಗೆ ಚಿತ್ರ ಬರುವುದಿಲ್ಲ’ ಎಂದು ಲೇಖನಿಯನ್ನು ಕೆಳಗಿಟ್ಟವರು ಎಷ್ಟು ಮಂದಿ! ಧ್ವನಿಯನ್ನಷ್ಟೇ ಆಲಿಸುವವರಿಗೆ ಹೋಲಿಕೆಯ ಹಂಗಿಲ್ಲ. ಅವರ ದೃಷ್ಟಿ ತಮ್ಮ ಕಾಗದದ ಮೇಲೆಯೇ ನೆಲೆಸಿರುತ್ತದೆ; ಮನಸ್ಸೂ ಅಲ್ಲಿಯೇ ನಿಲ್ಲುತ್ತದೆ. ಧ್ಯಾನಕ್ಕೆ ಬೇಕಾದುದು ಅದೇ ಅಲ್ಲವೆ?